ಗುಜರಿಯಲ್ಲಿ ಸಿಕ್ಕ ವಿಟಿ340 ಕಲರ್ ಗ್ರಾಫಿಕ್ಸ್ ಟರ್ಮಿನಲ್: ಇಟ್ಟುಕೊಳ್ಳಲೋ, ತೂಕಕ್ಕೆ ಹಾಕಲೋ?

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ರಿಂಗ್ ರೋಡ್ ಕಡೆ ನಮ್ಮ ಕಾಕಾನ ಗುಜರಿ ಅಂಗಡಿ ಇದೆ. ಮುಚ್ಚಿದ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನ ಸಾಮಾನು ಲಾರಿ ತುಂಬ ಬಂದಿತ್ತು. ಅದರಲ್ಲಿ ಹಳೇ ಟಿವಿ ತರಹದ್ದು ಒಂದು ಸಿಕ್ಕಿದೆ. ಮುಂದೆ ಏಳು ಚೌಕ, ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ, ಸೇರಿಸಿ ಓದಿದರೆ 'ಡಿಜಿಟಲ್'. ಪಕ್ಕದಲ್ಲಿ ವಿಟಿ340 ಅಂತಿದೆ.

ಹಾರ್ಡ್ ಡಿಸ್ಕ್ ಇಲ್ಲ, ಫ್ಲಾಪಿ ಹಾಕೋ ಜಾಗವೂ ಇಲ್ಲ. ಕೀಬೋರ್ಡ್ ವೈರಿನ ತುದಿ ನೋಡಿದರೆ ಹಳೇ ಲ್ಯಾಂಡ್‌ಲೈನ್ ಫೋನಿನ ರಿಸೀವರ್ ವೈರ್ ಹಾಗೇ ಇದೆ. ಕಾಕಾ ಹೇಳೋದು, ಟ್ಯೂಬ್ ಒಡೆದು ತಾಮ್ರ ತೆಗೆದು ಬಿಸಾಕು ಅಂತ. ನನಗೆ ಮನಸ್ಸು ಬರುತ್ತಿಲ್ಲ. ಇದು ಕಂಪ್ಯೂಟರಾ, ಮಾನಿಟರಾ? ಪ್ಲಗ್ ಹಾಕಿ ನೋಡಲಾ?

ಹಳೇವ್ಯಾಕ್ಸ್

ತಮ್ಮಾ, ಪ್ಲಗ್ ಹಾಕಬೇಡ. ಕಾಕಾಗೆ ಟ್ಯೂಬ್ ಮುಟ್ಟಬೇಡಿ ಅಂತಲೂ ಹೇಳು. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನು ಅಂಗಡಿ ಮುಂದೆ ಒಡೆಯೋದು ಯಾರಿಗೂ ಒಳ್ಳೇದಲ್ಲ.

ಇದು ಕಂಪ್ಯೂಟರೂ ಅಲ್ಲ, ಬರೀ ಮಾನಿಟರೂ ಅಲ್ಲ. ಟರ್ಮಿನಲ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಅಂತ ಅಮೆರಿಕದ ಕಂಪನಿ, ನಾವೆಲ್ಲ ಡೆಕ್ ಅಂತಿದ್ದೆವು. 1957ರಲ್ಲಿ ಶುರುವಾಗಿದ್ದು. 1998ರಲ್ಲಿ ಕಾಂಪ್ಯಾಕ್ ಅದನ್ನು ಕೊಂಡುಕೊಂಡಿತು. ವಿಟಿ340 ಬಂದಿದ್ದು 1987ರಲ್ಲಿ. ಅದರ ಜೊತೆಗೇ ವಿಟಿ330 ಬಂತು, ಅದು ಕಲರ್ ಅಲ್ಲ.

ಆಗ ಒಂದು ಆಫೀಸಿಗೆ ಒಂದೇ ದೊಡ್ಡ ಮಿಷಿನ್. ಹೈದರಾಬಾದಿನಲ್ಲಿ ನಾನು ಕೆಲಸ ಮಾಡುವಾಗ ಎಸಿ ರೂಮಿನೊಳಗೆ ವ್ಯಾಕ್ಸ್ ಅನ್ನೋ ಡೆಕ್‌ನ ದೊಡ್ಡ ಕಂಪ್ಯೂಟರ್ ಇತ್ತು, ನಾವೆಲ್ಲ ಹೊರಗೆ ಟರ್ಮಿನಲ್ ಮುಂದೆ ಕೂರುತ್ತಿದ್ದೆವು. ಲೆಕ್ಕ ಮಾಡೋದು ಒಳಗಿನ ಮಿಷಿನ್, ತೋರಿಸೋದು ಇದು. ನಡುವೆ ತೆಳ್ಳನೆಯ ಸೀರಿಯಲ್ ವೈರ್. ಬಹಳ ಮಂದಿಗೆ ಸಿಗುತ್ತಿದ್ದದ್ದು ಬರೀ ಅಕ್ಷರ ತೋರಿಸುವ ವಿಟಿ100, ವಿಟಿ220. ಕಲರ್ ಗ್ರಾಫಿಕ್ಸ್ ಟರ್ಮಿನಲ್ ಅಂದರೆ ಮ್ಯಾಪ್ ಬಿಡಿಸುವವರಿಗೆ, ಡಿಸೈನ್‌ನವರಿಗೆ ಮಾತ್ರ. ಅದರ ಮುಂದೆ ಕೂರೋಕೆ ಪಾಳಿ ಹಚ್ಚುತ್ತಿದ್ದೆವು.

ಅಡ್ಡ 800 ಚುಕ್ಕಿ, ಉದ್ದ 480 ಚುಕ್ಕಿ, ನಮಗೆ ಆಗ ಅದೇ ಹೈ ರೆಸಲ್ಯೂಶನ್. 4096 ಬಣ್ಣದಲ್ಲಿ ನಿನಗೆ ಬೇಕಾದ 16 ಒಟ್ಟಿಗೆ ತೋರಿಸುತ್ತದೆ. ಅಕ್ಷರ ಆದರೆ 80 ಕಾಲಂ, 24 ಸಾಲು. ಅಂದರೆ ಒಂದು ಅಕ್ಷರಕ್ಕೆ 10 ಅಗಲ, 20 ಎತ್ತರದ ಜಾಗ.

ಸುಮ್ನೆಕೇಳ್ದೆ

ಹಿರಿಯರು ಬೇಜಾರು ಮಾಡ್ಕೋಬಾರದು. 800 × 480, 16 ಬಣ್ಣ. ಇದಕ್ಕೆ ಹೈ ರೆಸಲ್ಯೂಶನ್ ಅಂತೀರಾ? ನನ್ನ ಫೋನಿನ ಸ್ಕ್ರೀನಿನ ಒಂದು ಮೂಲೆಯಲ್ಲಿ ಇದು ಕೂರುತ್ತದೆ.

ಆಗಿನ ಲೆಕ್ಕ ತಗೊಂಡರೂ ಅದೇ 1987ರಲ್ಲಿ ಪಿಸಿಗೆ ಐಬಿಎಂನ ವಿಜಿಎ ಗ್ರಾಫಿಕ್ಸ್ ಬಂತು. 640 × 480, 16 ಬಣ್ಣ, ಆರಿಸಿಕೊಳ್ಳೋಕೆ 2,62,144 ಬಣ್ಣ. ಬಣ್ಣದ ವಿಷಯದಲ್ಲಿ ಅದೇ ಮೇಲು, ಅಲ್ವಾ? ಇದನ್ನು ಮನೆಯಲ್ಲಿಟ್ಟರೆ ಜಾಗ ಹಾಳು ಅಷ್ಟೇ.

ಹಳೇವ್ಯಾಕ್ಸ್

ಬೇಜಾರೇನಿಲ್ಲ. ಬಣ್ಣದ ಪಟ್ಟಿ ವಿಜಿಎದ್ದೇ ದೊಡ್ಡದು, ಒಪ್ಪಿದೆ. ರೆಸಲ್ಯೂಶನ್ನಿನಲ್ಲೂ ಇದಕ್ಕಿಂತ ಮುಂದಿದ್ದವು ಇದ್ದವು. ಟೆಕ್‌ಟ್ರೋನಿಕ್ಸ್ ಕಂಪನಿಯ 4115 ಅಂತ ಟರ್ಮಿನಲ್ ಇತ್ತು, 1280 × 1024, ಅದೂ 80ರ ದಶಕದ ಮೊದಲ ಅರ್ಧದಲ್ಲಿ. ಅದರ ಬೆಲೆ ಕೇಳಿದರೆ ಸಾಹೇಬರೇ ಸುಮ್ಮನಾಗುತ್ತಿದ್ದರು.

ಆದರೆ ನೀವು ಹೋಲಿಸುತ್ತಿರೋದು ಬೇರೆ ಬೇರೆ ಜಾತಿಯ ಸಾಮಾನು. ಪಿಸಿಯಲ್ಲಿ ಪ್ರೊಸೆಸರ್ ಮತ್ತು ಸ್ಕ್ರೀನಿನ ಮೆಮೊರಿ ಒಂದೇ ಡಬ್ಬಿಯಲ್ಲಿ ಇರುತ್ತವೆ. ಇಲ್ಲಿ ಚಿತ್ರ ಇರೋದು ಒಳಗಿನ ರೂಮಿನಲ್ಲಿ, ಸ್ಕ್ರೀನ್ ಇರೋದು ನಿಮ್ಮ ಮೇಜಿನ ಮೇಲೆ. ನಡುವಿನ ವೈರಿನಲ್ಲಿ ಜಾಸ್ತಿ ಅಂದರೆ 19,200 ಬಾಡ್, ಇಲ್ಲಿ ಸೆಕೆಂಡಿಗೆ ಅಷ್ಟು ಬಿಟ್. ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 1,920 ಅಕ್ಷರ.

ಈಗ ಲೆಕ್ಕ ಹಾಕಿ. 800 × 480 ಅಂದರೆ 3,84,000 ಚುಕ್ಕಿ. 16 ಬಣ್ಣಕ್ಕೆ ಚುಕ್ಕಿಗೆ 4 ಬಿಟ್, ಒಟ್ಟು 1,92,000 ಬೈಟ್. ಹಾಗೇ ಕಳಿಸಿದರೆ ಒಂದು ಸ್ಕ್ರೀನ್ ತುಂಬೋಕೆ 100 ಸೆಕೆಂಡ್. ಗೆರೆ ಒಂದಿಷ್ಟು ಸರಿಸಿದಾಗಲೆಲ್ಲ ಮತ್ತೆ 100 ಸೆಕೆಂಡ್ ಯಾರು ಕಾಯ್ತಾರೆ? ಅದಕ್ಕೇ ಬಿಡಿಸುವ ಬುದ್ಧಿಯನ್ನು ಟರ್ಮಿನಲ್ಲಿಗೇ ಕೊಟ್ಟರು. ಇದರ ಹೆಚ್ಚುಗಾರಿಕೆ ಚುಕ್ಕಿಯಲ್ಲಿಲ್ಲ, ಅದಕ್ಕೆ ಬರುವ ಭಾಷೆಯಲ್ಲಿದೆ.

ಆ ಭಾಷೆಯ ಹೆಸರು ರೀಜಿಸ್. ಪಿ ಅಂದರೆ ಪೆನ್ನು ಅಲ್ಲಿಗೆ ಒಯ್ಯಿ. ವಿ ಅಂದರೆ ಅಲ್ಲಿಂದ ಇಲ್ಲಿಗೆ ಗೆರೆ ಎಳಿ. ಸಿ ಅಂದರೆ ವೃತ್ತ ಅಥವಾ ಕಮಾನು. ಟಿ ಅಂದರೆ ಅಕ್ಷರ ಬರಿ. ಪಿ[100,100] ವಿ[700,400] ಅಂತ ಕಳಿಸಿದರೆ ಸಾಕು, ನಡುವಿನ ನೂರಾರು ಚುಕ್ಕಿ ಅದೇ ತುಂಬಿಕೊಳ್ಳುತ್ತದೆ. ಇಪ್ಪತ್ತು ಅಕ್ಷರದೊಳಗೆ ಕೆಲಸ ಮುಗಿಯಿತು. ಊರಿಗೆ ಬಂದವರಿಗೆ ವಿಳಾಸ ಹೇಳಿ ಕಳಿಸೋದಕ್ಕೂ, ಕೈಹಿಡಿದು ಒಂದೊಂದೇ ಹೆಜ್ಜೆ ನಡೆಸೋದಕ್ಕೂ ಇರುವಷ್ಟು ವ್ಯತ್ಯಾಸ.

ಸೀರೀಸ್‌ಬಲ್ಬ್ (ಯಾದಗಿರಿ)

ನಾನು ಟಿವಿ ರಿಪೇರಿ ಮಾಡುವವನು. ಭಾಷೆ ಗೀಷೆ ನನಗೆ ಗೊತ್ತಿಲ್ಲ, ಟ್ಯೂಬ್ ಗೊತ್ತು. ತೊಗರಿಕಣಜ ಅಣ್ಣಾ, ಹೀಗೆ ಮಾಡಿ.

ಹಿಂದಿನ ಲೇಬಲ್ ಮೊದಲು ನೋಡಿ. 110 ವೋಲ್ಟ್ ಅಂತ ಇದ್ದರೆ ನಮ್ಮ ಲೈನಿಗೆ ನೇರ ಹಾಕಿದ ಕೂಡಲೇ ಹೊಗೆ. 220 ಅಥವಾ 240 ಇದ್ದರೆ ಮುಂದೆ ಹೋಗಿ.

ಆಮೇಲೆ ಸೀರೀಸ್ ಬೋರ್ಡ್. 100 ವ್ಯಾಟಿನ ಹಳೇ ಬಲ್ಬು, ಎಲ್‌ಇಡಿ ನಡೆಯಲ್ಲ, ಅದನ್ನು ಫೇಸ್ ಲೈನಿನಲ್ಲಿ ಸೀರೀಸ್ ಹಾಕಿ ಕೊಡಿ. ಆನ್ ಮಾಡಿದಾಗ ಬಲ್ಬು ಒಮ್ಮೆ ಬೆಳಗಿ ಮಂದ ಆದರೆ ಸಪ್ಲೈ ಬದುಕಿದೆ. ಮೊದಲ ಹೊಡೆತ ಕೆಪ್ಯಾಸಿಟರ್ ತುಂಬೋದಕ್ಕೂ ಟ್ಯೂಬ್ ಹಿಡಿದ ಮ್ಯಾಗ್ನೆಟ್ ತೆಗೆಯುವ ಡಿಗಾಸ್ ಕಾಯಿಲಿಗೂ ಹೋಗುತ್ತದೆ. ಬಲ್ಬು ಪೂರ್ತಿ ಬೆಳಗಿಯೇ ನಿಂತರೆ ಒಳಗೆ ಶಾರ್ಟ್. ಆಫ್ ಮಾಡಿ, ಕೈ ತೆಗೆಯಿರಿ.

ಬಿಚ್ಚುವ ಮಾತು ಬಂದರೆ ಒಂಟಿಯಾಗಿ ಬಿಚ್ಚಬೇಡಿ. ಟ್ಯೂಬಿನ ಮೇಲೆ ರಬ್ಬರ್ ಟೋಪಿ, ಅದಕ್ಕೆ ದಪ್ಪ ಕೆಂಪು ವೈರ್ ಇರುತ್ತದೆ. ಕಲರ್ ಟ್ಯೂಬ್ ಅಂದರೆ 20,000 ವೋಲ್ಟ್ ಮೇಲೆಯೇ. ಆಫ್ ಮಾಡಿ ವಾರ ಆದರೂ ಒಳಗೆ ಉಳಿದಿರಬಹುದು. ಅದನ್ನು ಡಿಸ್ಚಾರ್ಜ್ ಮಾಡೋದು ಟ್ಯೂಬ್ ಮೈಮೇಲೆ ಹಾದುಹೋಗುವ ಹೆಣೆದ ಅರ್ತ್ ವೈರಿಗೆ. ಸರ್ಕ್ಯೂಟ್ ಬೋರ್ಡಿಗೆ ತಾಗಿಸಿದರೆ ಐಸಿ ಸಾಯುತ್ತದೆ. ಸಪ್ಲೈ ಕಡೆಯ ದೊಡ್ಡ ಕೆಪ್ಯಾಸಿಟರಿನಲ್ಲೂ 325 ವೋಲ್ಟ್ ಹತ್ತಿರ ನಿಂತಿರುತ್ತದೆ. ನಿಮ್ಮ ಊರಲ್ಲೇ ಹಳೇ ಕಲರ್ ಟಿವಿ ಮೆಕ್ಯಾನಿಕ್ ಇನ್ನೂ ಇದ್ದಾರೆ, ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಕಡೆ ಧೂಳು ಬೇರೆ ಜಾಸ್ತಿ. ಮೊದಲು ಬ್ಲೋವರ್ ಹಿಡಿಯಿರಿ, ಒದ್ದೆ ಬಟ್ಟೆ ಬೇಡ.

ಶಹಾಪುರದವಳು

ನಾನು ಸುಮ್ನೆ ಓದ್ತಿದ್ದೆ. ಒಂದು ಪ್ರಶ್ನೆ. ಇದು ಆನ್ ಆಯಿತು ಅಂತಿಟ್ಟುಕೊಳ್ಳಿ. ಆ ವ್ಯಾಕ್ಸ್ ಈಗ ಎಲ್ಲಿಂದ ತರೋದು?

ಬಿದರಿಕಪ್ಪು (ಬೀದರ್)

ಅಕ್ಕಾ, ವ್ಯಾಕ್ಸ್ ಬೇಡ, ಲ್ಯಾಪ್‌ಟಾಪ್ ಸಾಕು. ಲಿನಕ್ಸ್ ಇದ್ದರೆ ಇನ್ನೂ ಸುಲಭ. ಆ ಕಡೆ ಇರೋದು ಯಾರು ಅಂತ ಟರ್ಮಿನಲ್ ಕೇಳೋದೇ ಇಲ್ಲ. ವೈರಿನಲ್ಲಿ ಬಂದಿದ್ದನ್ನು ತೋರಿಸುತ್ತದೆ, ಒತ್ತಿದ ಕೀ ವಾಪಸ್ ಕಳಿಸುತ್ತದೆ.

ವೈರ್ ವಿಷಯ. ಹಿಂದೆ ಫೋನ್ ಜ್ಯಾಕ್ ತರಹದ ಆರು ಪಿನ್ನಿನ ಕಿಂಡಿ ಇರುತ್ತದೆ, ಅದರ ಹೆಸರು ಎಂಎಂಜೆ. ಕ್ಲಿಪ್ ನಡುವೆ ಇರದೆ ಒಂದು ಬದಿಗೆ ಸರಿದಿರುತ್ತದೆ, ಅದಕ್ಕೇ ಮಾಮೂಲಿ ಫೋನ್ ಪಿನ್ ಕೂರಲ್ಲ. ಬಲವಂತ ಮಾಡಬೇಡಿ. ಪಕ್ಕದಲ್ಲಿ 25 ಪಿನ್ನಿನ ದೊಡ್ಡ ಪೋರ್ಟ್ ಇದೆ, ನಮಗೆ ಅದೇ ಅನುಕೂಲ. ಯುಎಸ್‌ಬಿ ಸೀರಿಯಲ್ ಕೇಬಲ್ ತಗೊಂಡು 9 ಪಿನ್ನಿನ ಕಡೆಯಿಂದ ಮೂರೇ ವೈರ್ ಎಳೆಯಿರಿ: 2ರಿಂದ 2ಕ್ಕೆ, 3ರಿಂದ 3ಕ್ಕೆ, 5ರಿಂದ 7ಕ್ಕೆ. 9 ಪಿನ್ನಿನಲ್ಲಿ ಕಳಿಸೋದು 3, ಕೇಳೋದು 2. 25 ಪಿನ್ನಿನಲ್ಲಿ ಕಳಿಸೋದು 2, ಕೇಳೋದು 3. ಹಾಗಾಗಿ ನೇರ ಹಾಕಿದರೂ ಅದಲು ಬದಲು ತಾನೇ ಆಗಿರುತ್ತದೆ.

ಕೀಬೋರ್ಡಿನಲ್ಲಿ ಎಫ್3 ಒತ್ತಿದರೆ ಸೆಟ್ಅಪ್. ಅಲ್ಲಿ ಸ್ಪೀಡ್ 9600 ಇಡಿ, ಮೋಡೆಮ್ ಕಂಟ್ರೋಲ್ ಇದ್ದರೆ ತೆಗೆದು ಬರೀ ಡೇಟಾ ಲೈನ್ ಅಂತ ಮಾಡಿ. ಮೂರೇ ವೈರ್ ಇರುವಾಗ ಉಳಿದ ಸಿಗ್ನಲ್‌ಗೆ ಅದು ಕಾಯುತ್ತಾ ಕೂರಬಾರದು.

ತೊಗರಿಕಣಜ

ಲೇಬಲ್ ನೋಡಿದೆ, 240ಕ್ಕೂ ನಡೆಯುತ್ತದೆ. ಪರಿಚಯದ ಟಿವಿ ಮೆಕ್ಯಾನಿಕ್ ಒಬ್ಬರು ಬಂದಿದ್ದರು. ಸೀರೀಸ್ ಬಲ್ಬ್ ಒಮ್ಮೆ ಜಗ್ ಅಂತ ಬೆಳಗಿ ಮಂದ ಆಯಿತು. ಕೀಬೋರ್ಡಿನ ನಾಲ್ಕೂ ದೀಪ ಮಿಣುಕಿದವು, ಬೀಪ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತಾದ ಮೇಲೆ ಸ್ಕ್ರೀನಿನಲ್ಲಿ 'ವಿಟಿ340 ಓಕೆ' ಅಂತ ಬಂತು! ಕಾಕಾ ಕೂಡ ಬಂದು ಇಣುಕಿ ಹೋದರು.

ಬಲಗಡೆ ಮೂಲೆಯಲ್ಲಿ ಗುಲಾಬಿ ಕಲೆ ಇದೆ. ಟ್ಯೂಬ್ ಹೋಗಿದೆಯಾ? ಮತ್ತೆ ವೈರ್ ಇನ್ನೂ ರೆಡಿ ಇಲ್ಲ, ಅಲ್ಲೀವರೆಗೂ ಕಲರ್ ಬರುತ್ತದೋ ಇಲ್ಲವೋ ನೋಡೋದು ಹೇಗೆ?

ಸೀರೀಸ್‌ಬಲ್ಬ್

ಟ್ಯೂಬ್ ಹೋಗಿಲ್ಲ. ಗುಜರಿಯಲ್ಲಿ ಪಕ್ಕದಲ್ಲಿ ಸ್ಪೀಕರ್, ಮೋಟಾರ್ ಬಿದ್ದಿದ್ದರೆ ಮ್ಯಾಗ್ನೆಟ್ ಹಿಡಿದಿರುತ್ತದೆ. ಸೀರೀಸ್ ಬಲ್ಬ್ ತೆಗೆದು ಪೂರ್ತಿ ವೋಲ್ಟೇಜ್ ಕೊಡಿ. ಆನ್ ಮಾಡಿ, ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಮತ್ತೆ ಆನ್ ಮಾಡಿ. ಹೋಗದಿದ್ದರೆ ನಿಮ್ಮ ಮೆಕ್ಯಾನಿಕ್ ಹತ್ತಿರ ಕೈಯಲ್ಲಿ ಹಿಡಿಯುವ ಡಿಗಾಸ್ ಕಾಯಿಲ್ ಇರುತ್ತದೆ, ಸುತ್ತಿಸಿದರೆ ಹೋಗುತ್ತದೆ.

ಬಿದರಿಕಪ್ಪು

ವೈರ್ ಇಲ್ಲದೆಯೂ ಚಿತ್ರ ಬಿಡಿಸಬಹುದು. ಸೆಟ್ಅಪ್‌ನಲ್ಲಿ ಆನ್‌ಲೈನ್ ಬದಲು ಲೋಕಲ್ ಆರಿಸಿ. ಈಗ ನೀವು ಒತ್ತಿದ್ದು ನೇರ ಸ್ಕ್ರೀನಿಗೇ ಬರುತ್ತದೆ.

ರೀಜಿಸ್ ಬಗ್ಗೆ ಸರ್ ಹೇಳಿದರು. ಇನ್ನೊಂದು ಭಾಷೆ ಸಿಕ್ಸೆಲ್. ಇದು ಮೊದಲು ಡೆಕ್‌ನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಇದ್ದದ್ದು, ಆಮೇಲೆ ಟರ್ಮಿನಲ್ಲಿಗೆ ಬಂತು. ಒಂದರ ಕೆಳಗೆ ಒಂದು ಆರು ಚುಕ್ಕಿ, ಆ ಆರಕ್ಕೂ ಸೇರಿ ಒಂದೇ ಅಕ್ಷರ. ಮೇಲಿಂದ ಕೆಳಗೆ ಚುಕ್ಕಿಗಳ ಬೆಲೆ 1, 2, 4, 8, 16, 32. ಬೇಕಾದ ಚುಕ್ಕಿಗಳ ಬೆಲೆ ಕೂಡಿಸಿ, ಅದಕ್ಕೆ 63 ಸೇರಿಸಿ, ಆಸ್ಕಿಯಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರಗಳ ನಂಬರ್ ಪಟ್ಟಿಯಲ್ಲಿ, ಆ ನಂಬರಿನ ಅಕ್ಷರ ತಗೊಳ್ಳಿ. ಆರೂ ಖಾಲಿ ಅಂದರೆ 63, ಅದು ? ಚಿಹ್ನೆ. ಮೇಲಿನದು ಒಂದೇ ಅಂದರೆ 64, ಅದು @. ಆರೂ ತುಂಬಿದರೆ 126, ಅದು ~.

ಈಗ ಕೀಬೋರ್ಡಿನಲ್ಲಿ ಇದನ್ನು ಒತ್ತಿ. ಕಂಟ್ರೋಲ್ ಹಿಡಿದು [ ಒತ್ತಿದರೆ ಎಸ್ಕೇಪ್. ಆಮೇಲೆ ಇಂಗ್ಲಿಷಿನ ದೊಡ್ಡ ಪಿ, ಚಿಕ್ಕ ಕ್ಯೂ. ಆಮೇಲೆ ಹೀಗೆ:

"1;1#2!100~-#3!100~

ಕೊನೆಗೆ ಮತ್ತೆ ಎಸ್ಕೇಪ್, ಆಮೇಲೆ \ ಒತ್ತಿ. ಒಂದು ಕೆಂಪು ಪಟ್ಟಿ, ಅದರ ಕೆಳಗೆ ಹಸಿರು ಪಟ್ಟಿ ಬರಬೇಕು. #2 ಮತ್ತು #3 ಬಣ್ಣದ ನಂಬರ್. !100 ಅಂದರೆ ಮುಂದಿನದನ್ನು ನೂರು ಸಲ ಹಾಕು. - ಅಂದರೆ ಕೆಳಗಿನ ಸಾಲಿಗೆ ಹೋಗು. ಮೊದಲಿನ "1;1 ಬಿಟ್ಟರೆ ವಿಟಿ340 ಪ್ರತಿ ಚುಕ್ಕಿಯನ್ನೂ ಎರಡು ಪಟ್ಟು ಎತ್ತರ ಮಾಡುತ್ತದೆ, ಹಳೇ ಪ್ರಿಂಟರಿನ ಅಭ್ಯಾಸ ಅದು.

ತೊಗರಿಕಣಜ

ಬಂತು!! ಕೆಂಪು, ಹಸಿರು ಎರಡೂ ಬಂದವು. ಗುಲಾಬಿ ಕಲೆಯೂ ಹೋಯಿತು. ಈ ಕೆಂಪು ನೋಡಬೇಕು ನೀವು, ಫೋಟೋದಲ್ಲಿ ಬರಲ್ಲ. ಕತ್ತಲೆ ರೂಮಿನಲ್ಲಿ ಕಪ್ಪು ನಿಜವಾಗಿಯೂ ಕಪ್ಪಗೆ ಇದೆ.

ಸುಮ್ನೆಕೇಳ್ದೆ

ಎರಡು ಪಟ್ಟಿಗೆ ಇಷ್ಟು ಸಂಭ್ರಮ! ಸರಿ, ಒಂದು ಫೋಟೋ ಕಳಿಸಿದರೆ ಎಷ್ಟು ಹೊತ್ತು ಹಿಡಿಯುತ್ತದೆ, ಅದನ್ನು ಹೇಳಿ.

ಬಿದರಿಕಪ್ಪು

ಹೊತ್ತು ಹಿಡಿಯುತ್ತದೆ, ಮುಚ್ಚಿಡೋದೇನಿದೆ. 480 ಸಾಲನ್ನು ಆರಾರು ಕಟ್ಟಿದರೆ 80 ಪಟ್ಟಿ. 80 × 800, ಅಂದರೆ ಒಂದು ಬಣ್ಣಕ್ಕೆ 64,000 ಅಕ್ಷರ. 19,200 ಬಾಡ್‌ನಲ್ಲಿ 33 ಸೆಕೆಂಡ್. 16 ಬಣ್ಣಕ್ಕೂ ಹಾಗೇ ಪೂರ್ತಿ ಕಳಿಸಿದರೆ ಹತ್ತಿರ ಹತ್ತಿರ 9 ನಿಮಿಷ. ಫೋಟೋದಲ್ಲಿ ಬಣ್ಣ ಚುಕ್ಕಿ ಚುಕ್ಕಿಗೂ ಬದಲಾಗುತ್ತದೆ, ಹಾಗಾಗಿ ! ಹಾಕಿ ಉಳಿತಾಯ ಮಾಡೋಕೆ ಜಾಸ್ತಿ ಆಗಲ್ಲ.

ಅದಕ್ಕೇ ನನ್ನ ಪ್ರಕಾರ ಇದಕ್ಕೆ ಫೋಟೋ ಹಾಕೋದೇ ತಪ್ಪು ಕೆಲಸ. ನಮ್ಮ ಬಿದರಿ ನಮೂನೆ ಹಾಕಿ ನೋಡಿ. ಕಪ್ಪು ಮೈ, ಬೆಳ್ಳಿ ಗೆರೆ, ಎರಡೇ ಬಣ್ಣ. ಕಪ್ಪು ಕಳಿಸೋದೇ ಬೇಡ, ಸ್ಕ್ರೀನ್ ಮೊದಲೇ ಕಪ್ಪಗಿದೆ. ಬೆಳ್ಳಿ ಮಾತ್ರ ಕಳಿಸಬೇಕು, ಅದರಲ್ಲೂ ಖಾಲಿ ಜಾಗ !60? ಅಂತ ನಾಲ್ಕೇ ಅಕ್ಷರದಲ್ಲಿ ದಾಟುತ್ತದೆ. ಲ್ಯಾಪ್‌ಟಾಪಿನಲ್ಲೇ ಟರ್ಮಿನಲ್ ತರಹ ನಡೆಯುವ ಎಕ್ಸ್‌ಟರ್ಮ್ ಪ್ರೋಗ್ರಾಮ್‌ನಲ್ಲಿ ನಾನು ಹೂವಿನ ಬಳ್ಳಿಯದ್ದು ಒಂದು ಮಾಡಿಟ್ಟಿದ್ದೇನೆ. ನಾಲ್ಕು ಗ್ರೇ ಶೇಡ್ ಕೊಟ್ಟು ಬೆಳ್ಳಿಗೆ ಹೊಳಪು ತರೋಣ ಅಂತ ಯೋಚನೆ. ಆದರೆ ಹೊಳಪು ಕೊಟ್ಟರೆ ಬಿದರಿ ಹೋಗಿ ಸ್ಟೀಲ್ ತಾಟು ಕಾಣುತ್ತದೆ ಅಂತ ನಮ್ಮ ಮನೆಯಲ್ಲಿ ಅಂತಾರೆ.

ಶಹಾಪುರದ ಅಕ್ಕಾ, ಮಿಷಿನ್ ಇಲ್ಲದೆಯೂ ನೀವು ಇದನ್ನೆಲ್ಲ ಮಾಡಬಹುದು. ಎಕ್ಸ್‌ಟರ್ಮ್ ತೆರೆಯುವಾಗ ವಿಟಿ340 ಅಂತ ಹೇಳಿ ತೆರೆದರೆ ಸಿಕ್ಸೆಲ್ ಬರುತ್ತದೆ. ಫೂಟ್, ವೆಜ್‌ಟರ್ಮ್, ಎಂಎಲ್‌ಟರ್ಮ್‌ನಲ್ಲೂ ಇದೆ. ವಿಂಡೋಸ್ ಟರ್ಮಿನಲ್ 1.22ರಲ್ಲಿ ಸೇರಿಸಿದ್ದಾರೆ. ಇಮೇಜ್‌ಮ್ಯಾಜಿಕ್ ಯಾವ ಚಿತ್ರ ಕೊಟ್ಟರೂ ಸಿಕ್ಸೆಲ್ ಮಾಡಿಕೊಡುತ್ತದೆ.

ಹಳೇವ್ಯಾಕ್ಸ್

ಇದನ್ನು ಕೇಳಿ ಖುಷಿಯಾಯಿತು. ನಾವು ಇವೆಲ್ಲ ಸತ್ತುಹೋದವು ಅಂದುಕೊಂಡಿದ್ದೆವು.

ತೊಗರಿಕಣಜ, ನಿನಗೊಂದು ಕೆಲಸ ಕೊಡುತ್ತೇನೆ. ನಮ್ಮ ಕೋಟೆಯ ಜಾಮಿ ಮಸೀದಿ ನೋಡಿದ್ದೀಯಲ್ಲ, 1367ರದ್ದು. ಬಯಲಂಗಳ ಇಲ್ಲ, ಪೂರ್ತಿ ಮೇಲೆ ಮುಚ್ಚಿದೆ. ಮಾಡಿನ ತುಂಬ ಸಾಲು ಸಾಲು ಚಿಕ್ಕ ಗುಮ್ಮಟ. ಅದರ ನಕ್ಷೆ ರೀಜಿಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ರೀಜಿಸ್‌ನಲ್ಲಿ ಮ್ಯಾಕ್ರೋಗ್ರಾಫ್ ಅಂತ ಇದೆ. ಒಂದು ಗುಮ್ಮಟಕ್ಕೆ ಬೇಕಾದ ಚೌಕ, ವೃತ್ತ ಒಮ್ಮೆ ಬರೆದು ಅದಕ್ಕೆ ಇಂಗ್ಲಿಷಿನ ಒಂದು ಅಕ್ಷರದ ಹೆಸರು ಕೊಡಬೇಕು. ಟರ್ಮಿನಲ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಪೆನ್ನು ಸರಿಸು, @ ಜೊತೆ ಆ ಅಕ್ಷರ ಕಳಿಸು. ಪೆನ್ನು ಸರಿಸು, ಮತ್ತೆ ಎರಡೇ ಅಕ್ಷರ. ಸಿಕ್ಸೆಲ್‌ನಲ್ಲಿ ಇಡೀ ನಕ್ಷೆಗೆ ಸಾವಿರಾರು ಅಕ್ಷರ ಬೇಕು, ಇಲ್ಲಿ ಕೆಲವು ನೂರರಲ್ಲಿ ಮುಗಿಯುತ್ತದೆ.

ಮತ್ತೆ ಅದು ಬರುವುದನ್ನು ನೋಡಬೇಕು. ಒಂದೊಂದೇ ಗುಮ್ಮಟ ಕಣ್ಣೆದುರಿಗೆ ಮೂಡುತ್ತಾ ಹೋಗುತ್ತದೆ. ನಾವು ಕಾಂಟೂರ್ ಮ್ಯಾಪ್ ಬಿಡಿಸುವಾಗ ಒಂದು ಗೆರೆ ಎಲ್ಲಿ ತಪ್ಪು ದಾರಿ ಹಿಡಿಯಿತು ಅನ್ನೋದು ಬಿಡಿಸುವಾಗಲೇ ಗೊತ್ತಾಗುತ್ತಿತ್ತು. ಈಗ ಎಲ್ಲ ಒಮ್ಮೆಲೇ ಪಟ್ ಅಂತ ಬರುತ್ತದೆ, ತಪ್ಪು ಎಲ್ಲಿ ಶುರುವಾಯಿತು ಅಂತ ಹುಡುಕಬೇಕು.

ಇನ್ನೊಂದು. ಇದರಲ್ಲಿ ಟೆಕ್‌ಟ್ರೋನಿಕ್ಸ್ 4014 ಮೋಡ್ ಕೂಡ ಇದೆ. ಆ 4014 ಸ್ಟೋರೇಜ್ ಟ್ಯೂಬಿನ ಹಸಿರು ಮಿಷಿನ್. ಎಳೆದ ಗೆರೆ ಟ್ಯೂಬಿನ ಮೇಲೆಯೇ ನಿಂತಿರುತ್ತಿತ್ತು. ಒಂದು ಗೆರೆ ಅಳಿಸೋಕೆ ಇಡೀ ಸ್ಕ್ರೀನ್ ಫ್ಲಾಶ್ ಮಾಡಿ ಮೊದಲಿಂದ ಬಿಡಿಸಬೇಕಿತ್ತು. ಅದಕ್ಕೆ ಬರೆದ ಹಳೇ ಪ್ರೋಗ್ರಾಮ್‌ಗಳು ಹಾಗೇ ನಡೆಯಲಿ ಅಂತ ಡೆಕ್‌ನವರು ಅದನ್ನೂ ಕಲಿಸಿಟ್ಟರು.

ಶಹಾಪುರದವಳು

ಕನ್ನಡ ಬರುತ್ತದಾ ಇದರಲ್ಲಿ?

ಬಿದರಿಕಪ್ಪು

ತಾನಾಗಿ ಬರಲ್ಲ. ನಮ್ಮದೇ ಅಕ್ಷರ ಮಾಡಿ ಒಳಗೆ ತುಂಬುವ ಅವಕಾಶ ಇದೆ, ಅದೂ ಸಿಕ್ಸೆಲ್ ಲೆಕ್ಕದಲ್ಲೇ. ಆದರೆ ಒಂದಕ್ಕೆ 10 × 20 ಜಾಗ ಅಷ್ಟೇ. 'ಕ' ಹೇಗೋ ತುರುಕಬಹುದು. 'ಸ್ತ್ರೀ', 'ಕ್ಷ್ಮಿ' ಬಂದರೆ? ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ, ದೀರ್ಘ ಪಕ್ಕದ ಮನೆಗೆ ಹೋಗುತ್ತದೆ.

ಭಾರತೀಯ ಭಾಷೆಗೆ ಅಂತಲೇ ಆಗ ಬೇರೆ ಕೆಲಸ ನಡೆದಿತ್ತು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಆಮೇಲೆ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಅನ್ನೋ ತಂತ್ರಜ್ಞಾನ. ಅದರಲ್ಲಿ ಕನ್ನಡವೂ ಇತ್ತು. ಒತ್ತಕ್ಷರ ಕೂಡಿಸುವ ಕೆಲಸವನ್ನು ಹಾರ್ಡ್‌ವೇರೇ ಮಾಡುತ್ತಿತ್ತು.

ಈಗಿನ ಸುಲಭ ದಾರಿ ಅಂದರೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಸಾಲನ್ನು ಚಿತ್ರ ಮಾಡಿ ಸಿಕ್ಸೆಲ್ ಆಗಿ ಕಳಿಸೋದು. ಒಂದೇ ಬಣ್ಣ, ಬೇಗ ಬರುತ್ತದೆ. ತಮಾಷೆ ಏನಂದರೆ ಈಗಿನ ಎಷ್ಟೋ ಟರ್ಮಿನಲ್ ಪ್ರೋಗ್ರಾಮ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ. ಸಿಕ್ಸೆಲ್ ಮಾಡಿ ಕಳಿಸಿದರೆ 1987ರ ಡಬ್ಬಿ ನೀಟಾಗಿ ತೋರಿಸುತ್ತದೆ.

ತೊಗರಿಕಣಜ

ಕೇಬಲ್ ಆಯಿತು. 2-2, 3-3, 5-7, ಮೊದಲ ಸಲಕ್ಕೇ ಲಾಗಿನ್ ಬಂತು. ಬಿದರಿಕಪ್ಪು ಮೇಡಂ ಕಳಿಸಿದ ಬಳ್ಳಿ ಹಾಕಿದೆ. ಅರ್ಧ ಸರಿ ಬಂತು, ಅಲ್ಲಿಂದ ಮುಂದೆ ಗೆರೆ ಎಲ್ಲ ಎಡಕ್ಕೆ ಜಾರಿದೆ. ನಡುನಡುವೆ ಉಲ್ಟಾ ಪ್ರಶ್ನಾರ್ಥಕ ಚಿಹ್ನೆ ಬೇರೆ. ಸ್ಪೀಡ್ 19,200 ಇಟ್ಟಿದ್ದೆ.

ಹಳೇವ್ಯಾಕ್ಸ್

ಅಕ್ಷರ ಕಳೆದುಹೋಗುತ್ತಿವೆ. ಟರ್ಮಿನಲ್ ಬಿಡಿಸೋದಕ್ಕಿಂತ ಬೇಗ ಲ್ಯಾಪ್‌ಟಾಪ್ ತುಂಬುತ್ತಿದೆ. ಸಾಕು ಅನ್ನಿಸಿದಾಗ ಟರ್ಮಿನಲ್ ಕಂಟ್ರೋಲ್-ಎಸ್ ಕಳಿಸುತ್ತದೆ, ಮತ್ತೆ ಬೇಕಾದಾಗ ಕಂಟ್ರೋಲ್-ಕ್ಯೂ. ನಿನ್ನ ಲ್ಯಾಪ್‌ಟಾಪ್ ಅದನ್ನು ಕೇಳುತ್ತಿಲ್ಲ. ಎಕ್ಸ್‌ಆನ್-ಎಕ್ಸ್‌ಆಫ್ ಅನ್ನೋದನ್ನು ಎರಡೂ ಕಡೆ ಆನ್ ಮಾಡು. ಇದಕ್ಕೆ ವೈರಿನ ಮೇಲೆ ತಡೆಯುವ ಹಾರ್ಡ್‌ವೇರ್ ಪದ್ಧತಿ ಇಲ್ಲ, ಇದೊಂದೇ ದಾರಿ. ಅದೂ ಸಾಲದಿದ್ದರೆ 9600ಕ್ಕೆ ಇಳಿಸು.

ತೊಗರಿಕಣಜ

ಲ್ಯಾಪ್‌ಟಾಪಿನಲ್ಲಿ ಅದು ಆಫ್ ಇತ್ತು. ಆನ್ ಮಾಡಿದ ಮೇಲೆ 19,200ರಲ್ಲೇ ಪೂರ್ತಿ ಬಂತು. ಒಂದು ವಿಚಿತ್ರ: ಬಳ್ಳಿ ಬಂದ ಮೇಲೆ ನಾನು ಟೈಪ್ ಮಾಡಿದ ಅಕ್ಷರವೂ ಬೆಳ್ಳಿ ಬಣ್ಣಕ್ಕೆ ತಿರುಗಿದೆ.

ಬಿದರಿಕಪ್ಪು

ಅದು ಹಾಗೇ. 16 ಬಣ್ಣದ ಪಟ್ಟಿ ಒಂದೇ ಇರೋದು. ಚಿತ್ರ, ಅಕ್ಷರ ಎರಡೂ ಅದರಿಂದಲೇ ತಗೊಳ್ಳುತ್ತವೆ. ನನ್ನ ಫೈಲ್ 7ನೇ ನಂಬರ್ ಬದಲಿಸಿದೆ, ಅಕ್ಷರದ ಬಣ್ಣವೂ ಅದೇ ನಂಬರ್. ಆಫ್ ಮಾಡಿ ಆನ್ ಮಾಡಿದರೆ ಮೊದಲಿನ ಬಣ್ಣ ಬರುತ್ತದೆ. 9ನೇ ನಂಬರ್ ಹಾಕಿ ಇನ್ನೊಂದು ಫೈಲ್ ಕಳಿಸುತ್ತೇನೆ.

ಮತ್ತೆ ಪ್ರಿಂಟರ್ ಪೋರ್ಟಿಗೆ ಇನ್ನೊಂದು ಕೇಬಲ್ ಮಾಡಿಕೊಳ್ಳಿ. ಲ್ಯಾಪ್‌ಟಾಪನ್ನೇ ಪ್ರಿಂಟರ್ ಅಂತ ನಂಬಿಸಿ ಎಫ್2 ಒತ್ತಿದರೆ ಸ್ಕ್ರೀನ್ ಸಿಕ್ಸೆಲ್ ಆಗಿ ವಾಪಸ್ ಬರುತ್ತದೆ. ಮೊಬೈಲ್ ಹಿಡಿದು ಫೋಟೋ ತೆಗೆದರೆ ಬರುವ ಆ ಅಡ್ಡಪಟ್ಟಿ ಕಾಟ ಇರಲ್ಲ.

ಸುಮ್ನೆಕೇಳ್ದೆ

ಮಸೀದಿ ನಕ್ಷೆ ಆದರೆ ವೀಡಿಯೋ ಹಾಕಿ, ಫೋಟೋ ಬೇಡ. ಒಂದೊಂದೇ ಗುಮ್ಮಟ ಬರೋದು ನೋಡೋಣ. ಮತ್ತೆ, ಮಾರೋದಾದರೆ ಎಷ್ಟಕ್ಕೆ ಕೊಡ್ತೀರಿ?

ತೊಗರಿಕಣಜ

ನೀವೇ ಜಾಗ ಹಾಳು ಅಂದಿದ್ದಲ್ವಾ ರೀ! ಮಾರಲ್ಲ. ಕಾಕಾಗೆ ತೂಕದ ದುಡ್ಡು ಕೊಟ್ಟು ಮನೆಗೆ ತಂದಾಯಿತು.

ಪ್ರಿಂಟರ್ ಪೋರ್ಟ್ ಆರು ಪಿನ್ನಿನ ಎಂಎಂಜೆಯೇ ಇದೆ. ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳಲ್ಲಿ ಕೇಳಿದೆ, ಎಲ್ಲರೂ ನೆಟ್‌ವರ್ಕ್ ಪಿನ್ ತೆಗೆದು ತೋರಿಸ್ತಾರೆ. ಬೀದರ್, ಯಾದಗಿರಿ ಕಡೆ ಹಳೇ ಡೆಕ್ ಕೇಬಲ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಇಲ್ಲೇ ಹೇಳಿ, ಒಂದು ತುದಿ ಕತ್ತರಿಸಿದ್ದರೂ ನಡೆಯುತ್ತದೆ.